ಹೆಚ್ಚುವರಿ ಸಮಯ ಕೊಟ್ಟರೂ ಲ್ಯಾಬ್ ಬಿಟ್ಟುಹೋದ ವಿದ್ಯಾರ್ಥಿನಿ: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಪ್ರಕರಣ ನಡೆದದ್ದು ಒಂದು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ. ವಿದ್ಯಾರ್ಥಿನಿಗೆ ಆಗ 18 ವರ್ಷ, ಪದವಿಯ ಮೊದಲ ಸೆಮಿಸ್ಟರ್. ಗುರುತು ಸಿಗದಿರಲೆಂದು ಕೆಲವು ವಿವರಗಳನ್ನು ಬದಲಿಸಿದೆ. ಯಾವ ತೀರ್ಮಾನ ಯಾವಾಗ ಬಂತು, ಎಲ್ಲಿ ಎಡವಿತು ಎಂಬುದನ್ನು ಮಾತ್ರ ಇದ್ದಂತೆಯೇ ಇಟ್ಟಿದೆ.

ಆಕೆಗೆ ಆಟಿಸಂ (ಸುತ್ತಲಿನದನ್ನು ಗ್ರಹಿಸುವ, ಇತರರೊಡನೆ ಬೆರೆಯುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವುದು) ಇದೆ ಎಂದು ಗೊತ್ತಾದದ್ದು 16ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಶಾಲೆಯವರ ಕಣ್ಣಿಗೆ ಆಕೆ ಮಾತು ಕಡಿಮೆಯ ಜಾಣೆ, ಅಷ್ಟೇ. ಹುಡುಗಿಯರಲ್ಲಿ ಹೀಗೆ ತಡವಾಗುವುದು ಅಪರೂಪವಲ್ಲ. ಸುತ್ತಲಿನವರು ಹೇಗೆ ನಗುತ್ತಾರೆ, ಎಲ್ಲಿ ತಲೆಯಾಡಿಸುತ್ತಾರೆ ಎಂದು ನೋಡಿ ನೋಡಿ ಹಾಗೇ ಮಾಡುವುದನ್ನು, ಒಳಗಿನ ಒದ್ದಾಟ ಹೊರಗೆ ಕಾಣದಂತೆ ಮುಚ್ಚಿಡುವುದನ್ನು ಎಷ್ಟೋ ಮಂದಿ ಚಿಕ್ಕಂದಿನಲ್ಲೇ ರೂಢಿಸಿಕೊಂಡಿರುತ್ತಾರೆ. ಶಾಲೆಯ ವ್ಯವಸ್ಥೆಯೂ ಯಾರೂ ಯೋಜಿಸದೆಯೇ ಆಕೆಗೆ ಹೊಂದಿಕೊಂಡಿತ್ತು. ವರ್ಷವಿಡೀ ಒಂದೇ ಕೊಠಡಿ, ಒಂದೇ ಬೆಂಚು. ಪಾಠ ಮಾಡುವವರೇ ಆಕೆ ಇದ್ದಲ್ಲಿಗೆ ಬರುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಇದೆಲ್ಲ ತಿರುಗುಮುರುಗಾಯಿತು. ದಿನಕ್ಕೆ ನಾಲ್ಕು ಕಟ್ಟಡ, ಗಂಟೆಗೊಂದು ಹೊಸ ಗುಂಪು, ರಾತ್ರಿ ಬದಲಾಗಿ ಬೆಳಿಗ್ಗೆ ತಿಳಿಯುವ ವೇಳಾಪಟ್ಟಿ.

ಲ್ಯಾಬ್ ಇದ್ದದ್ದು ಬುಧವಾರ ಮಧ್ಯಾಹ್ನ, ಮೂರು ಗಂಟೆ ಕಾಲ. 24 ವಿದ್ಯಾರ್ಥಿಗಳು, ನಾಲ್ವರಂತೆ ಆರು ತಂಡಗಳು, ಒಬ್ಬ ಪ್ರಾಧ್ಯಾಪಕರು, ಇಬ್ಬರು ಡೆಮಾನ್‌ಸ್ಟ್ರೇಟರ್‌ಗಳು (ಪ್ರಯೋಗ ಮಾಡಿಸುವ ಸಹಾಯಕ ಬೋಧಕರು). ಸೆಮಿಸ್ಟರ್‌ಗೆ 14 ಲ್ಯಾಬ್‌ಗಳು. ಕನಿಷ್ಠ 10 ಪೂರ್ತಿ ಮಾಡದವರಿಗೆ ಪರೀಕ್ಷೆ ಇಲ್ಲ. ಅಂಕಗಳು ರೆಕಾರ್ಡ್‌ಗೆ 40, ಕೈಕೆಲಸಕ್ಕೆ 30, ವೈವಾಕ್ಕೆ (ಮೌಖಿಕ ಪರೀಕ್ಷೆ) 30.

ಪ್ರವೇಶದ ವಾರದಲ್ಲೇ ವಿದ್ಯಾರ್ಥಿ ನೆರವು ಕಚೇರಿ ಒಂದು ಪತ್ರ ಕೊಟ್ಟಿತ್ತು: ಪರೀಕ್ಷೆಗೆ ಶೇ 25 ಹೆಚ್ಚುವರಿ ಸಮಯ, ಪ್ರತ್ಯೇಕ ಕೊಠಡಿ. ಓದು ಬರಹದ ತೊಂದರೆ ಇರುವವರಿಗೂ, ಕೈಮುರಿದವರಿಗೂ, ಈಕೆಗೂ ಕೊಡುತ್ತಿದ್ದ ಪತ್ರ ಅದೊಂದೇ.

ತೊಂದರೆ ಕಾಣಿಸಿಕೊಂಡ ಬಗೆ

ಮೊದಲ ನಾಲ್ಕು ವಾರ ಆಕೆ ಲ್ಯಾಬ್‌ಗೆ ತಪ್ಪದೆ ಬಂದಳು. ಐದನೇ ವಾರ ಅರ್ಧಕ್ಕೆ ಎದ್ದು ಹೋದಳು. ಆರು ಮತ್ತು ಏಳನೇ ವಾರ ಬರಲೇ ಇಲ್ಲ. ಅದೇ ಹೊತ್ತಿಗೆ ನಡೆದ ಥಿಯರಿ ಪರೀಕ್ಷೆಯಲ್ಲಿ ಆಕೆಗೆ ತರಗತಿಯಲ್ಲಿ ಎರಡನೇ ಸ್ಥಾನ. ಹಾಗಾಗಿ ವಿಭಾಗದಲ್ಲಿ ಹಬ್ಬಿದ ಮಾತು ಇದು: ಥಿಯರಿ ಸಲೀಸು, ಆದ್ದರಿಂದ ಲ್ಯಾಬ್ ಎಂದರೆ ಅಸಡ್ಡೆ.

ಐದನೇ ವಾರ ನಡೆದದ್ದನ್ನು ಆಮೇಲೆ ಹಂತ ಹಂತವಾಗಿ ಬರೆದಿಡಲಾಯಿತು. ಸಿಂಕ್ ಸೋರುತ್ತಿತ್ತೆಂದು ಆಕೆಯ ತಂಡವನ್ನು ಬೇರೆ ಬೆಂಚಿಗೆ, ಇನ್ನೊಂದು ತಂಡದ ಜೊತೆಗೆ ಸೇರಿಸಿದ್ದರು. ಪ್ರಯೋಗಗಳ ಕ್ರಮವನ್ನೂ ಆಗಲೇ ಬಾಯಿಮಾತಿನಲ್ಲಿ ಬದಲಿಸಿದ್ದರು. ಆಕೆ ದ್ರಾವಣ ಅಳೆಯುವ ಪಿಪೆಟ್ ಹಿಡಿದು ನಿಂತವಳು ನಿಂತೇ ಇದ್ದಳು. ‘ಏನಾಯ್ತಮ್ಮ?’ ಎಂದು ಇಬ್ಬರು ಮೂರು ಬಾರಿ ಕೇಳಿದರು, ಒಬ್ಬರು ಭುಜ ಮುಟ್ಟಿದರು. ಸ್ಟಾಪ್‌ಕಾಕ್ (ಗಾಜಿನ ಕೊಳವೆಯಿಂದ ದ್ರಾವಣ ಬಿಡುವ ತಿರುಪು) ತೆರೆದಿದ್ದಂತೆಯೇ ಆಕೆ ಹೊರನಡೆದಳು. ಮುಂದಿನ 40 ನಿಮಿಷ ಮೆಟ್ಟಿಲ ಬಳಿ ಕುಳಿತಿದ್ದಳು, ಬಾಯಿಂದ ಮಾತು ಹೊರಡಲಿಲ್ಲ. ಲ್ಯಾಬ್ ಪುಸ್ತಕದಲ್ಲಿ ಇದು ‘ಸುರಕ್ಷತಾ ನಿಯಮ ಉಲ್ಲಂಘನೆ’ ಎಂದು ದಾಖಲಾಯಿತು.

ಇಂಥದ್ದನ್ನು ಶಟ್‌ಡೌನ್ ಎನ್ನುತ್ತಾರೆ. ಹೊರಗಿನಿಂದ ಬರುವುದನ್ನೆಲ್ಲ ಒಟ್ಟಿಗೆ ತೆಗೆದುಕೊಳ್ಳಲು ಮೆದುಳಿಗೆ ಸಾಧ್ಯವಾಗದೆ ಹೋದಾಗ ಕೆಲವರಲ್ಲಿ ಅದು ಅಳು, ಕೂಗು, ಸಿಡಿಮಿಡಿಯಾಗಿ ಹೊರಬರುತ್ತದೆ; ಅದು ಮೆಲ್ಟ್‌ಡೌನ್. ಇನ್ನು ಕೆಲವರಲ್ಲಿ ಮಾತು, ಚಲನೆ ಎಲ್ಲ ಒಳಕ್ಕೆ ಸರಿದುಬಿಡುತ್ತವೆ. ಆ ಹೊತ್ತಿನಲ್ಲಿ ಕೇಳುವ ಪ್ರತಿ ಪ್ರಶ್ನೆಯೂ ಇನ್ನೊಂದು ಹೊರೆ. ಕಾಳಜಿಯಿಂದ ಕೇಳಿದ ಪ್ರಶ್ನೆಯೂ ಅಷ್ಟೇ.

ಇನ್ನೊಂದು ದೂರೂ ಇತ್ತು. ಆಕೆ ‘ಎದುರು ಮಾತಾಡುತ್ತಾಳೆ’ ಎಂದು ಒಬ್ಬ ಡೆಮಾನ್‌ಸ್ಟ್ರೇಟರ್ ಹೇಳಿದ್ದರು. ವಿಚಾರಿಸಿದಾಗ ತಿಳಿದದ್ದು: ‘ಬಣ್ಣ ಸ್ವಲ್ಪ ತಿರುಗಿದ ಕೂಡಲೇ ನಿಲ್ಲಿಸಿ’ ಎಂದು ಅವರು ಹೇಳಿದಾಗ ಆಕೆ ‘ಸ್ವಲ್ಪ ಅಂದರೆ ಎಷ್ಟು ಸರ್?’ ಎಂದು ಕೇಳಿದ್ದಳು. ಅವರು ‘ನೋಡಿದರೆ ಗೊತ್ತಾಗುತ್ತೆ’ ಎಂದರು. ಆಕೆ ಮತ್ತೆ ಅದೇ ಪ್ರಶ್ನೆ ಕೇಳಿದಳು. ಆಕೆಗೆ ಬೇಕಾಗಿದ್ದದ್ದು ಒಂದು ಅಳತೆ. ಅವರ ಕಿವಿಗೆ ಅದು ಉದ್ಧಟತನವಾಗಿ ಕೇಳಿಸಿತು. ಸ್ವತಃ ಆಟಿಸ್ಟಿಕ್ ಆಗಿರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ‘ಡಬಲ್ ಎಂಪತಿ’ ಸಮಸ್ಯೆ ಎಂದು ಹೆಸರಿಟ್ಟದ್ದು ಇದಕ್ಕೇ. ಅರ್ಥವಾಗದಿರುವುದು ಒಂದು ಕಡೆಯ ಕೊರತೆಯಲ್ಲ, ಇಬ್ಬರ ನಡುವೆ ಆಗುವ ತಪ್ಪುಗ್ರಹಿಕೆ ಎಂಬುದು ಅವರ ವಾದ.

ಮೊದಲ ಸುತ್ತಿನ ಪ್ರಯತ್ನಗಳು

ಏಳನೇ ವಾರ ಒಂದು ಸಭೆ ನಡೆಯಿತು. ವಿಭಾಗದ ಮುಖ್ಯಸ್ಥರು, ಪ್ರಾಧ್ಯಾಪಕರು, ನೆರವು ಕಚೇರಿಯವರು, ತಂದೆ ತಾಯಿ ಸೇರಿ ಏಳು ಜನ, ನಡುವೆ ಆಕೆ. ಹೇಳಿದ್ದಕ್ಕೆಲ್ಲ ಆಕೆ ‘ಸರಿ’ ಎಂದಳು. ಎಲ್ಲರೂ ಅದನ್ನು ಒಪ್ಪಿಗೆ ಎಂದುಕೊಂಡರು. ಆಮೇಲೆ ಆಕೆಯೇ ಬರೆದು ತಿಳಿಸಿದಂತೆ, ಆ ಕೊಠಡಿಯಿಂದ ಬೇಗ ಹೊರಬರುವ ದಾರಿ ಆ ಒಂದು ಪದವಾಗಿತ್ತು.

ಸಭೆಯಲ್ಲಿ ಮೂರು ತೀರ್ಮಾನಗಳಾದವು. ಮೊದಲನೆಯದು ಕೆಂಪು ಕಾರ್ಡ್: ಹೊರಗೆ ಹೋಗಬೇಕೆನಿಸಿದಾಗ ಮೇಜಿನ ಮೇಲಿಡಬೇಕು. ಆಕೆ ಅದನ್ನು ಒಮ್ಮೆಯೂ ಬಳಸಲಿಲ್ಲ; 23 ಜನರ ಎದುರು ಕೆಂಪು ಕಾರ್ಡ್ ಎತ್ತುವುದು ಎದ್ದು ಹೋಗುವುದಕ್ಕಿಂತ ಕಷ್ಟ. ಎರಡನೆಯದು ಒಬ್ಬ ಜೊತೆಗಾರ್ತಿ: ಪಕ್ಕದಲ್ಲಿ ಕುಳಿತು ‘ಈಗ ಇದು, ಮುಂದೆ ಅದು’ ಎಂದು ನೆನಪಿಸಬೇಕು. ಆ ಹುಡುಗಿ ಮನಸ್ಸಿಟ್ಟೇ ಮಾಡಿದಳು. ಆದರೆ ಗದ್ದಲದಲ್ಲಿ ಒಂದು ದನಿಯನ್ನು ಹಿಡಿಯಲೇ ಹೆಣಗುತ್ತಿದ್ದವಳಿಗೆ ಈಗ ಎರಡು ದನಿಗಳಾದವು. ಮೂರನೆಯದು ‘ಸಾಮಾಜಿಕ ಕೌಶಲ’ದ ಆರು ತರಗತಿಗಳು, ಬಹುಪಾಲು ಕಣ್ಣಿನಲ್ಲಿ ಕಣ್ಣಿಟ್ಟು ಮಾತಾಡುವ ಅಭ್ಯಾಸ. ಎರಡಕ್ಕೆ ಹೋಗಿ ಆಕೆ ನಿಲ್ಲಿಸಿದಳು. ಕಡತದಲ್ಲಿ ‘ಸಹಕರಿಸುತ್ತಿಲ್ಲ’ ಎಂಬ ಮಾತು ಬಂತು. ಇದು ಅನ್ಯಾಯದ ಮಾತು. ಆ ತರಗತಿಗಳು ಆಕೆಯ ಯಾವ ತೊಂದರೆಗೂ ಉತ್ತರವಾಗಿರಲಿಲ್ಲ, ಈಗಾಗಲೇ ಆಕೆಯನ್ನು ಸುಸ್ತು ಮಾಡುತ್ತಿದ್ದ ನಟನೆಯನ್ನೇ ಇನ್ನಷ್ಟು ಕಲಿಸುತ್ತಿದ್ದವು.

ಎಂಟನೇ ವಾರ ನಡುಸೆಮಿಸ್ಟರ್ ಪ್ರಾಕ್ಟಿಕಲ್ ಪರೀಕ್ಷೆ. ಪತ್ರದ ಪ್ರಕಾರ ಮೂರು ಗಂಟೆಗೆ 45 ನಿಮಿಷ ಸೇರಿತು. ಪ್ರತ್ಯೇಕ ಕೊಠಡಿ ಯಾವುದೆಂದು ತಿಳಿಸಿದ್ದು ಅಂದು ಬೆಳಿಗ್ಗೆ. ಅದು ಆಕೆ ಎಂದೂ ಕಾಲಿಡದ ಕೊಠಡಿ; ಅಲ್ಲಿ ಫ್ಯೂಮ್ ಹುಡ್ (ಕೆಟ್ಟ ಗಾಳಿಯನ್ನು ಫ್ಯಾನಿನಿಂದ ಹೊರಗೆಳೆಯುವ ಗೂಡು) ಇಲ್ಲವೆಂದು ಪ್ರಯೋಗವನ್ನೂ ಬದಲಿಸಿದ್ದರು. ಆಕೆ ಮಾಮೂಲಿ ಲ್ಯಾಬ್‌ಗೇ ಬಂದಳು, ಎಲ್ಲರ ಜೊತೆಗೇ ಶುರುಮಾಡಿದಳು, 50 ನಿಮಿಷಕ್ಕೆ ಹೊರಟಳು. ಕೂರುವುದೇ ಅಸಾಧ್ಯವಾಗಿರುವ ಜಾಗದಲ್ಲಿ ಹೆಚ್ಚುವರಿ ಸಮಯವೆಂದರೆ ಹೆಚ್ಚು ಹೊತ್ತಿನ ಹಿಂಸೆ ಎಂಬುದು ಅಂದು ಮೊದಲ ಬಾರಿಗೆ ವಿಭಾಗದವರ ಗಮನಕ್ಕೆ ಬಂತು.

ಖಾಲಿ ಲ್ಯಾಬಿನಲ್ಲಿ ಒಂದು ಗಂಟೆ

ದಾರಿ ಬದಲಾದದ್ದು ಒಂಬತ್ತನೇ ವಾರ. ‘ಎದುರು ಮಾತಾಡುತ್ತಾಳೆ’ ಎಂದು ದೂರಿದ್ದ ಡೆಮಾನ್‌ಸ್ಟ್ರೇಟರ್ ಅವರೇ ಒಂದು ಸಲಹೆ ಇಟ್ಟರು: ಲ್ಯಾಬ್ ಖಾಲಿ ಇರುವಾಗ ಒಂದು ಪ್ರಯೋಗವನ್ನು ಬಾಗಿಲಿನಿಂದ ಬಾಗಿಲಿನವರೆಗೆ ಆಕೆಯ ಜೊತೆ ನಡೆದು ನೋಡೋಣ.

ಇದರ ತಯಾರಿಯಲ್ಲಿ ಎರಡು ವಿಷಯ ಸರಿಯಾದವು. ಎಂಟು ಪ್ರಶ್ನೆಗಳನ್ನು ಎರಡು ದಿನ ಮೊದಲೇ ಇಮೇಲ್‌ನಲ್ಲಿ ಕಳಿಸಿದ್ದರು. ಸಭೆಯಲ್ಲಿ ‘ಸರಿ’ ಮಾತ್ರ ಹೇಳಿದ್ದವಳು ಮೂರು ಪುಟ ಉತ್ತರ ಬರೆದು ತಂದಳು. ಮತ್ತೆ, ‘ಏನು ಕಷ್ಟ?’ ಎಂಬ ಪ್ರಶ್ನೆಯನ್ನು ಕೈಬಿಟ್ಟಿದ್ದರು. ಅಷ್ಟು ಅಗಲವಾದ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ‘ಏನಿಲ್ಲ’. ಅದರ ಬದಲು ಪ್ರತಿ ಜಾಗದಲ್ಲೂ ನಿಂತು, ಇಲ್ಲಿ ಎಷ್ಟು ಶಕ್ತಿ ಖರ್ಚಾಗುತ್ತದೆ ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೇಳಿದರು. ಬಾಯಿಬಿಡಬೇಕಿಲ್ಲ, ಬೆರಳು ತೋರಿಸಿದರೆ ಸಾಕು. ನೆರವು ಕಚೇರಿಯವರೊಬ್ಬರು ಮಾತಾಡದೆ ಬರೆದುಕೊಂಡರು.

ಬಾಗಿಲ ಬಳಿ ನಾಲ್ಕು. ಐದು ನಿಮಿಷದಲ್ಲಿ 24 ಜನ ಒಂದೇ ಕಡೆ ಕೋಟು, ಕನ್ನಡಕ ಹಾಕಿಕೊಳ್ಳುವ ಜಾಗ ಅದು, ಮೈಗೆ ಮೈ ತಾಗುತ್ತದೆ. ಆಕೆಯ ಬೆಂಚು ಐದು. ಅದು ಫ್ಯೂಮ್ ಹುಡ್‌ನ ಪಕ್ಕದಲ್ಲಿತ್ತು. ಭೌತಶಾಸ್ತ್ರ ವಿಭಾಗದಿಂದ ತಂದ ಮಾಪಕದಲ್ಲಿ ಅಲ್ಲಿ 67 ಡೆಸಿಬೆಲ್, ಕಿಟಕಿಯ ಪಕ್ಕದ ಬೆಂಚಿನಲ್ಲಿ 56. ಹತ್ತು ಡೆಸಿಬೆಲ್ ಏರಿದರೆ ಸದ್ದು ಸುಮಾರು ಎರಡು ಪಟ್ಟಾದಂತೆ ಕಿವಿಗೆ ಕೇಳುತ್ತದೆ. ಅಂದರೆ ನಾಲ್ಕು ಹೆಜ್ಜೆಯ ಅಂತರದಲ್ಲಿ ಅರ್ಧಕ್ಕರ್ಧ ವ್ಯತ್ಯಾಸ. ಮೇಲಿನ ಎರಡು ಟ್ಯೂಬ್‌ಲೈಟ್‌ಗಳಿಗೆ ಮೂರು. ಹಳೆಯ ಚೋಕ್ ಇರುವ ಟ್ಯೂಬ್ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಹೆಚ್ಚಿನವರಿಗೆ ಅದು ಕಾಣುವುದಿಲ್ಲ, ಕೆಲವರಿಗೆ ತಲೆನೋವಾಗಿ ತಟ್ಟುತ್ತದೆ. ಪ್ರಯೋಗಕ್ಕೆ ಮುಂಚಿನ ಮೌಖಿಕ ವಿವರಣೆಗೆ ಮತ್ತೆ ಐದು: ಹುಡ್ ಓಡುತ್ತಿರುತ್ತದೆ, ಡ್ರಾಯರ್‌ಗಳ ಸದ್ದು, ಅದರ ನಡುವೆ ಕೇಳುತ್ತಲೇ ಬರೆಯಬೇಕು.

ಟೈಟ್ರೇಶನ್ (ಒಂದು ದ್ರಾವಣಕ್ಕೆ ಇನ್ನೊಂದನ್ನು ಬಿಡುತ್ತಾ, ಬಣ್ಣ ಬದಲಾಗುವಾಗ ಎಷ್ಟು ಹೋಯಿತೆಂದು ಅಳೆಯುವುದು) ಮಾಡುವ ಜಾಗಕ್ಕೆ ಬಂದಾಗ ಆಕೆ ಸೊನ್ನೆ ತೋರಿಸಿದಳು. ಡೆಮಾನ್‌ಸ್ಟ್ರೇಟರ್‌ಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಕೇಳಿದರು. ‘ಅದೊಂದೇ ಹೊತ್ತು ತಲೆ ತಣ್ಣಗಿರೋದು ಸರ್’ ಎಂದಳು. ಹನಿ ಹನಿಯಾಗಿ ಬೀಳುವ ದ್ರಾವಣ, ಒಂದೇ ಕಡೆ ಗಮನ. ಡೈನಾ ಮರ್ರೆ, ಮೈಕ್ ಲೆಸ್ಸರ್, ವೆನ್ ಲಾಸನ್ 2005ರಲ್ಲಿ ವಿವರಿಸಿದ ‘ಮೊನೊಟ್ರೊಪಿಸಂ’ ಎಂಬ ಕಲ್ಪನೆ ಇದನ್ನು ಚೆನ್ನಾಗಿ ಹೇಳುತ್ತದೆ. ಆಟಿಸ್ಟಿಕ್ ಮನಸ್ಸಿನ ಗಮನ ಒಂದೇ ಕಡೆ ಆಳವಾಗಿ ಇಳಿಯುತ್ತದೆ. ಅಲ್ಲಿಂದ ಎಳೆದು ಇನ್ನೊಂದು ಕಡೆಗೆ ತಿರುಗಿಸಲು ದೊಡ್ಡ ಬೆಲೆ ಕೊಡಬೇಕಾಗುತ್ತದೆ.

ವಿಭಾಗದವರ ಊಹೆ ಪೂರ್ತಿ ತಲೆಕೆಳಗಾಗಿತ್ತು. ರಾಸಾಯನಿಕಗಳ ವಾಸನೆ ತಡೆಯಲಾಗುತ್ತಿಲ್ಲವೆಂದು ಮಾಸ್ಕ್ ತರಿಸಲು ಹೊರಟಿದ್ದರು; ಆಕೆ ವಾಸನೆಗೆ ಕೊಟ್ಟದ್ದು ಒಂದು ಅಂಕ. ನಾಜೂಕಿನ ಕೆಲಸ ಕಷ್ಟವಾಗುತ್ತಿದೆ ಎಂದುಕೊಂಡಿದ್ದರು, ಅದಕ್ಕೆ ಸೊನ್ನೆ. ಬಿಗಿ ಪಟ್ಟಿಯ ಸುರಕ್ಷತಾ ಕನ್ನಡಕ (ಮೂರು), ತಂಡದಲ್ಲಿ ಯಾರು ಏನು ಮಾಡಬೇಕೆಂದು ಯಾರೂ ಹೇಳದಿರುವುದು (ನಾಲ್ಕು), ಕೊನೆಯಲ್ಲಿ ‘ಎಲ್ಲಾ ಕ್ಲೀನ್ ಮಾಡಿ ಹೋಗಿ’ ಎಂಬ ಮಾತು (ಮೂರು) ಯಾರ ಪಟ್ಟಿಯಲ್ಲೂ ಇರಲಿಲ್ಲ. ಹೀಗೆ ಕೈಗೆ ಬ್ಯುರೆಟ್ (ದ್ರಾವಣ ಬಿಡುವ ಅಳತೆಯ ಕೊಳವೆ) ಬರುವ ಮೊದಲೇ ಆಕೆಯ ಶಕ್ತಿಯೆಲ್ಲ ಕರಗಿಹೋಗಿರುತ್ತಿತ್ತು. ಇಂಥ ಸಂವೇದನಾ ವ್ಯತ್ಯಾಸಗಳನ್ನು ರೋಗನಿರ್ಣಯ ಕೈಪಿಡಿ ಡಿಎಸ್‌ಎಂ-5 ಆಟಿಸಂನ ಮಾನದಂಡಗಳಲ್ಲಿ ಸೇರಿಸಿದ್ದು 2013ರಲ್ಲಿ. ಬೋಧಕರ ತರಬೇತಿಗೆ ಅದು ಇಳಿದು ಬರುವುದು ಇನ್ನೂ ನಿಧಾನ.

ಬದಲಾದದ್ದು ಲ್ಯಾಬ್

ಹತ್ತನೇ ವಾರದಿಂದ ಬದಲಾವಣೆಗಳು ಶುರುವಾದವು. ಆಕೆಗೆ ಮಾತ್ರ ಎನ್ನುವಂಥವನ್ನು ಆದಷ್ಟು ಕಡಿಮೆ ಮಾಡಿ, ಸಾಧ್ಯವಿದ್ದದ್ದನ್ನೆಲ್ಲ ಇಡೀ ಲ್ಯಾಬಿನ ನಿಯಮವನ್ನಾಗಿ ಮಾಡಬೇಕೆಂದು ಮೊದಲೇ ತೀರ್ಮಾನಿಸಿದ್ದರು.

ಜಾಗ: 24 ಜನಕ್ಕೂ ಸಂಖ್ಯೆ ಬರೆದ ಖಾಯಂ ಸ್ಥಾನ. ಆಕೆಯದು ಕಿಟಕಿಯ ಬೆಂಚಿನ ತುದಿ, ಒಂದೇ ಪಕ್ಕದಲ್ಲಿ ಜನ. ಲ್ಯಾಬ್ ಬಾಗಿಲು ಹತ್ತು ನಿಮಿಷ ಮೊದಲೇ ತೆರೆಯತೊಡಗಿತು, ಬೇಕಾದವರು ಬರಬಹುದು. ಐದಾರು ಜನ ಪ್ರತಿ ಸಲವೂ ಹಾಗೆ ಬಂದರು.

ಸದ್ದು, ಬೆಳಕು: ಉಳಿದ ಪ್ರಯೋಗಗಳಲ್ಲಿ ಫ್ಯೂಮ್ ಹುಡ್ ನಿಜವಾಗಿ ಬೇಕಾಗಿದ್ದದ್ದು ಎರಡಕ್ಕೆ. ಮಿಕ್ಕ ದಿನ ಆರಿಸಬಹುದೇ ಎಂದು ಸುರಕ್ಷತಾ ಅಧಿಕಾರಿಯನ್ನು ಕೇಳಿಯೇ ಮುಂದುವರಿದರು. ಇದನ್ನು ಯಾರೂ ಬಿಡಬಾರದು, ಏಕೆಂದರೆ ಕೆಲವು ಲ್ಯಾಬ್‌ಗಳಲ್ಲಿ ಇಡೀ ಕೊಠಡಿಯ ಗಾಳಿ ಹರಿಯುವುದೇ ಹುಡ್‌ನಿಂದ. ಎರಡು ಟ್ಯೂಬ್‌ಗಳನ್ನು ಎಲೆಕ್ಟ್ರಾನಿಕ್ ಚೋಕ್‌ನವಕ್ಕೆ ಬದಲಿಸಿದರು. ಎಲ್‌ಇಡಿ ಹಾಕುವುದಾದರೆ ಅದರ ಡ್ರೈವರ್ (ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗ) ಒಳ್ಳೆಯದಿರಬೇಕು, ಅಗ್ಗದವು ಕೂಡ ಮಿನುಗುತ್ತವೆ. ಆಕೆಗೆ ಸುಮಾರು 15 ಡೆಸಿಬೆಲ್ ತಗ್ಗಿಸುವ ಫಿಲ್ಟರ್ ಇಯರ್‌ಪ್ಲಗ್‌ಗೆ ಅನುಮತಿ ಸಿಕ್ಕಿತು. ಪೂರ್ತಿ ಸದ್ದು ಮುಚ್ಚುವ ಹೆಡ್‌ಫೋನ್ ಲ್ಯಾಬಿನಲ್ಲಿ ಅಪಾಯ. ಪ್ಲಗ್ ಹಾಕಿಕೊಂಡೇ ಬೆಂಕಿ ಅಲಾರಂ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿದರು. ಯಾರಾದರೂ ಎಚ್ಚರಿಸಬೇಕಾದರೆ ಮೇಜಿನ ಮೇಲೆ ಎರಡು ಬಾರಿ ತಟ್ಟುವುದು, ಮೈ ಮುಟ್ಟುವುದಲ್ಲ ಎಂದು ಮಾತಾಯಿತು. ಕನ್ನಡಕದ ವಿಷಯದಲ್ಲಿ ವಿನಾಯಿತಿ ಕೊಡಲಿಲ್ಲ, ಕೊಡಲೂಬಾರದು. ಅಷ್ಟೇ ರಕ್ಷಣೆ ಕೊಡುವ, ಅಗಲವಾದ ಮೆತ್ತನೆ ಪಟ್ಟಿಯ ಇನ್ನೊಂದು ಮಾದರಿ ತಂದರು.

ಅತಿ ಹೆಚ್ಚು ಶ್ರಮ ಹೋದದ್ದು ಬರವಣಿಗೆಯ ಸೂಚನೆಗಳಿಗೆ. ಹಳೆಯ ಹಾಳೆಯಲ್ಲಿ ಹೀಗಿತ್ತು: ‘ಸೂಚಕ ಹಾಕಿ, ಬಣ್ಣ ಬದಲಾಗುವವರೆಗೆ ಟೈಟ್ರೇಟ್ ಮಾಡಿ, ಸರಿಯಾದ ರೀಡಿಂಗ್ ಸಿಗುವವರೆಗೆ ಪುನರಾವರ್ತಿಸಿ.’ ಹೊಸ ಹಾಳೆಯಲ್ಲಿ: ‘ಪಿಪೆಟ್‌ನಿಂದ 25 ಮಿ.ಲೀ. ಆಮ್ಲವನ್ನು ಫ್ಲಾಸ್ಕ್‌ಗೆ ಹಾಕಿ. ಫಿನಾಲ್ಫ್‌ಥಲೀನ್ 2 ಹನಿ. ಫ್ಲಾಸ್ಕ್ ಕೆಳಗೆ ಬಿಳಿ ಟೈಲ್ ಇಡಿ. ಬ್ಯುರೆಟ್‌ನಿಂದ ಕ್ಷಾರ ಬಿಡುತ್ತಾ ಕಲಕಿ. ಗುಲಾಬಿ ಮಾಯವಾಗುವುದು ನಿಧಾನವಾದಾಗ ಹನಿ ಹನಿಯಾಗಿ ಬಿಡಿ. ಕಲಕಿದ ಮೇಲೂ 30 ಸೆಕೆಂಡ್ ಉಳಿಯುವ ತಿಳಿ ಗುಲಾಬಿ ಬಂದರೆ ನಿಲ್ಲಿಸಿ (ಚಿತ್ರ 2). ಕಡು ಗುಲಾಬಿಯಾದರೆ ಹನಿ ಹೆಚ್ಚಾಗಿದೆ. ಆ ರೀಡಿಂಗ್ ಬರೆದಿಟ್ಟು ಪಕ್ಕಕ್ಕೆ ‘ಮೀರಿದೆ’ ಎನ್ನಿ, ಲೆಕ್ಕಕ್ಕೆ ಸೇರಿಸಬೇಡಿ. ಎರಡು ರೀಡಿಂಗ್‌ಗಳ ನಡುವೆ 0.1 ಮಿ.ಲೀ. ಒಳಗಿನ ವ್ಯತ್ಯಾಸ ಬಂದ ಕೂಡಲೇ ಮುಗಿಯಿತು.’

ಆ ಕೊನೆಯ ಸಾಲು ಇಲ್ಲದ್ದರಿಂದಲೇ ಆಕೆ ಮೂರನೇ ವಾರ ಒಂದೇ ಟೈಟ್ರೇಶನ್ ಅನ್ನು ಒಂಬತ್ತು ಬಾರಿ ಮಾಡಿದ್ದಳು. ತಂಡದವರು ಕಾದು ಕಾದು ಬೇಸತ್ತಿದ್ದರು. ಹೊಸ ಹಾಳೆ ಬಂದ ಮೇಲೆ ಮಿಕ್ಕ ತಂಡಗಳೂ ‘ಇದು ಸಾಕಾ ಸರ್?’ ಎಂದು ಕೇಳುವುದು ಕಡಿಮೆಯಾಯಿತು. ಹಾಳೆ 48 ಗಂಟೆ ಮೊದಲು ಎಲ್ಲರ ಕೈಸೇರಬೇಕೆಂದು ನಿಯಮವಾಯಿತು. ಒಂದು ಪ್ರಯೋಗದ ಹಾಳೆಯನ್ನು ಹೀಗೆ ತಿದ್ದಲು ಡೆಮಾನ್‌ಸ್ಟ್ರೇಟರ್‌ಗೆ ಎರಡು ಗಂಟೆ ಹಿಡಿಯುತ್ತಿತ್ತು. ಈ ಎರಡು ಗಂಟೆಯನ್ನು ಅವರ ಕೆಲಸದ ಲೆಕ್ಕಕ್ಕೆ ಹಿಡಿಯದಿದ್ದರೆ ಇಂಥ ಪ್ರಯತ್ನ ಮೂರನೇ ವಾರಕ್ಕೇ ನಿಲ್ಲುತ್ತದೆ; ಇಲ್ಲಿ ವಿಭಾಗದ ಮುಖ್ಯಸ್ಥರು ಅವರ ಒಂದು ಮೇಲ್ವಿಚಾರಣೆ ಕೆಲಸವನ್ನು ತೆಗೆದು ಹಾಕಿದರು.

ಬದಲಾವಣೆಯ ಸುದ್ದಿಗೂ ಒಂದು ಜಾಗ ಗೊತ್ತುಮಾಡಿದರು: ಹಿಂದಿನ ದಿನ ಸಂಜೆ ಆರರೊಳಗೆ ಕೋರ್ಸ್ ಪುಟದ ತಲೆಯಲ್ಲಿ. ಆಮೇಲೆ ಏನಾದರೂ ಬದಲಾದರೆ ಬೆಂಚಿನ ಮೇಲೆ ಚೀಟಿ. ಅದರಲ್ಲಿ ಎರಡು ಸಾಲು, ‘ಬದಲಾದದ್ದು’ ಮತ್ತು ‘ಬದಲಾಗದ್ದು’. ಎರಡನೇ ಸಾಲನ್ನು ಸೇರಿಸಲು ಕೇಳಿದವಳು ಆಕೆಯೇ. ಒಂದು ಬದಲಾಯಿತೆಂದರೆ ಮಿಕ್ಕ ಎಲ್ಲವೂ ಅಲುಗಾಡಿದಂತೆ ಅನಿಸುತ್ತದೆ, ನಿಂತಿರುವುದು ಯಾವುದೆಂದು ಗೊತ್ತಾದರೆ ಸಾಕು ಎಂದು ಬರೆದಿದ್ದಳು.

ತಂಡದ ಕೆಲಸವನ್ನು ನಾಲ್ಕು ಪಾತ್ರಗಳಾಗಿ ಹಂಚಿದರು: ಅಳೆಯುವವರು, ಬ್ಯುರೆಟ್ ನೋಡುವವರು, ಬರೆಯುವವರು, ಸಾಮಾನು ತಂದು ತೊಳೆದು ಇಡುವವರು. ಪ್ರತಿ ಲ್ಯಾಬ್‌ಗೆ ಪಾತ್ರ ತಿರುಗುತ್ತದೆ. ಆಕೆಗೆ ಯಾವಾಗಲೂ ಬರೆಯುವ ಕೆಲಸವನ್ನೇ ಕೊಡೋಣ ಎಂಬ ಮಾತು ಬಂದಾಗ ಪ್ರಾಧ್ಯಾಪಕರು ಒಪ್ಪಲಿಲ್ಲ. ಅದು ಸರಿಯಾದ ನಿಲುವು. ಮೂಲೆಯಲ್ಲಿ ಕುಳಿತು ಅಂಕಿ ಬರೆಯುವವಳು ರಸಾಯನಶಾಸ್ತ್ರ ಕಲಿಯುವುದು ಯಾವಾಗ?

ಹೊರಗೆ ಹೋಗುವ ನಿಯಮವೂ ಎಲ್ಲರಿಗೂ ಒಂದೇ ಆಯಿತು. ಯಾರು ಬೇಕಾದರೂ ಕೇಳದೆ ಹತ್ತು ನಿಮಿಷ ಹೊರಗೆ ಹೋಗಬಹುದು. ಹೋಗುವ ಮುಂಚೆ ಎರಡೇ ಕೆಲಸ, ಸ್ಟಾಪ್‌ಕಾಕ್ ಮುಚ್ಚು, ಬರ್ನರ್ ಆರಿಸು. ಮೆಟ್ಟಿಲ ತಿರುವಿನಲ್ಲಿ ಒಂದು ಕುರ್ಚಿ ಹಾಕಿದರು. ವಿಶ್ವವಿದ್ಯಾಲಯದಲ್ಲಿ ಸಜ್ಜಾದ ಶಾಂತಿ ಕೊಠಡಿಯೊಂದು ಇತ್ತು, ಆದರೆ ಅದು ಇನ್ನೊಂದು ಕಟ್ಟಡದಲ್ಲಿ, ಎರಡು ಗದ್ದಲದ ಪಡಸಾಲೆ ದಾಟಿ. ಕೆಲಸಕ್ಕೆ ಬಂದದ್ದು ಈ ಕುರ್ಚಿ. ಹತ್ತು ನಿಮಿಷ ಯಾರೂ ಹಿಂದೆ ಹೋಗುವಂತಿಲ್ಲ. ಆಮೇಲೆ ಗೊತ್ತಾದ ಒಬ್ಬರೇ ಹೋಗಿ, ಹೌದು ಅಥವಾ ಇಲ್ಲ ಎಂದು ಸನ್ನೆ ಮಾಡಬಹುದಾದ ಒಂದೇ ಪ್ರಶ್ನೆ ಕೇಳಬೇಕು: ‘ಇನ್ನೂ ಹತ್ತು ನಿಮಿಷ ಬೇಕಾ?’

ವೈವಾದ ಬಗ್ಗೆ ನಡೆದ ಜಗಳ

ಇಷ್ಟರವರೆಗೆ ಯಾರೂ ಗಟ್ಟಿಯಾಗಿ ವಿರೋಧಿಸಿರಲಿಲ್ಲ. ವೈವಾ ವಿಷಯ ಬಂದಾಗ ವಿಭಾಗ ಎರಡಾಯಿತು. ಪ್ರಶ್ನೆಗಳನ್ನು ಮೊದಲೇ ಬರೆದು ಕೊಟ್ಟರೆ ಮಟ್ಟ ಇಳಿಯುತ್ತದೆ, ಅಪಘಾತವಾದಾಗ ಯಾರೂ ಪ್ರಶ್ನೆಪತ್ರಿಕೆ ಕೊಡುವುದಿಲ್ಲ ಎಂದು ಹಿರಿಯ ಪ್ರಾಧ್ಯಾಪಕರೊಬ್ಬರು ವಾದಿಸಿದರು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಬಿಕ್ಕಟ್ಟು ಬಿಡಿಸಿದ್ದು ಒಂದು ಸರಳ ಪ್ರಶ್ನೆ: ಈ 30 ಅಂಕಗಳಿಂದ ನಾವು ಅಳೆಯಬೇಕಾದದ್ದೇನು?

ಅಂಕ ಹಂಚಿಕೆ ತೆಗೆದು ನೋಡಿದರು. ವಿಷಯಜ್ಞಾನ 15, ಕಂಡದ್ದರಿಂದ ತರ್ಕಿಸುವುದು 10, ‘ಉತ್ತರಿಸುವ ರೀತಿ ಮತ್ತು ಆತ್ಮವಿಶ್ವಾಸ’ 5. ಕೋರ್ಸಿನ ಕಲಿಕಾ ಗುರಿಗಳಲ್ಲಿ ಆತ್ಮವಿಶ್ವಾಸದ ಮಾತೇ ಇರಲಿಲ್ಲ. ಆ ಐದು ಅಂಕ ತರ್ಕಕ್ಕೆ ಸೇರಿತು. ಥಟ್ಟನೆ ಪ್ರತಿಕ್ರಿಯಿಸಬೇಕಾದ ಸುರಕ್ಷತೆಯ ವಿಷಯವನ್ನು ಮಾತಿನ ಪ್ರಶ್ನೆಯಿಂದ ತೆಗೆದು ಮಾಡಿ ತೋರಿಸುವ ಪರೀಕ್ಷೆಗೆ ಹಾಕಿದರು: ಆಮ್ಲ ಕೈಮೇಲೆ ಬಿತ್ತೆಂದು ಎಣಿಸಿ ಏನು ಮಾಡುತ್ತೀಯ, ತೋರಿಸು. ಪರಿಕಲ್ಪನೆಯ ಪ್ರಶ್ನೆಗಳನ್ನು 24 ಜನಕ್ಕೂ ಹತ್ತು ನಿಮಿಷ ಮೊದಲು ಬರಹದಲ್ಲಿ ಕೊಟ್ಟರು. ಪ್ರಶ್ನೆ ಕೇಳಿದ ಮೇಲೆ ಪರೀಕ್ಷಕರು ಹತ್ತು ಸೆಕೆಂಡ್ ಸುಮ್ಮನಿರಬೇಕು, ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಬಾರದು, ಏಕೆಂದರೆ ಮಾತು ಬದಲಾದರೆ ಕೇಳುವವರು ಮತ್ತೆ ಮೊದಲಿನಿಂದ ಅರ್ಥ ಮಾಡಿಕೊಳ್ಳಬೇಕಾಗುತ್ತದೆ.

ಸುರಕ್ಷತೆಯ ಪರೀಕ್ಷೆಯಲ್ಲಿ ಆಕೆ ಒಂದು ಕ್ಷಣವೂ ತಡವರಿಸಲಿಲ್ಲ: ಸೀದಾ ನಲ್ಲಿಗೆ ಹೋಗಿ, ಹರಿಯುವ ನೀರಿಗೆ ಕೈಯೊಡ್ಡಿ, ‘ಕನಿಷ್ಠ 15 ನಿಮಿಷ’ ಎಂದಳು. ಕ್ರಮ ಗೊತ್ತಿರುವ ಕೆಲಸದಲ್ಲಿ ಆಕೆ ನಿಧಾನವಲ್ಲ. ಎಲ್ಲರಿಗೂ ಪೂರ್ಣ ಅಂಕ ಬರುತ್ತದೆ ಎಂಬ ಭಯವೂ ನಿಜವಾಗಲಿಲ್ಲ. ಓದದೆ ಬಂದವರಿಗೆ ಪ್ರಶ್ನೆ ಹತ್ತು ನಿಮಿಷ ಮೊದಲು ಸಿಕ್ಕಿದರೂ ಉಪಯೋಗವಾಗಲಿಲ್ಲ.

ಇದೆಲ್ಲ ದಯೆಯ ಮಾತಲ್ಲವೇ ಎಂದು ಆ ಸಭೆಯಲ್ಲಿ ಒಬ್ಬರು ಕೇಳಿದ್ದರು. ಅಲ್ಲ. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಎಲ್ಲ ಹಂತದ ಶಿಕ್ಷಣಕ್ಕೆ ಅನ್ವಯಿಸುತ್ತದೆ, ಮತ್ತು ಸಮಂಜಸ ಹೊಂದಾಣಿಕೆ ಮಾಡಿಕೊಡಲು ನಿರಾಕರಿಸುವುದನ್ನು ಅದರ 2ನೇ ವಿಧಿ ತಾರತಮ್ಯವೆಂದೇ ಕರೆಯುತ್ತದೆ.

ಹದಿಮೂರನೇ ವಾರ

ಹತ್ತು, ಹನ್ನೊಂದು, ಹನ್ನೆರಡನೇ ಲ್ಯಾಬ್‌ಗಳನ್ನು ಆಕೆ ಪೂರ್ತಿ ಮಾಡಿದಳು. ಹದಿಮೂರನೇ ವಾರ ಡೆಮಾನ್‌ಸ್ಟ್ರೇಟರ್ ರಜೆಯಲ್ಲಿದ್ದರು. ಬದಲಿಗೆ ಬಂದವರು ಸ್ಥಾನಗಳನ್ನು ಕಲಸಿಹಾಕಿದರು, ಆಕೆಯನ್ನು ಬೋರ್ಡ್ ಬಳಿ ಕರೆದು ವಿವರಿಸಲು ಹೇಳಿದರು. ಆಕೆ ಸ್ಟಾಪ್‌ಕಾಕ್ ಮುಚ್ಚಿ, ಬರ್ನರ್ ಆರಿಸಿ, ಹೊರಗಿನ ಕುರ್ಚಿಗೆ ಹೋದಳು. ಅವರು ಹಿಂದೆಯೇ ಹೋಗಿ ಸಮಾಧಾನ ಮಾಡತೊಡಗಿದರು. ಹತ್ತು ನಿಮಿಷದಲ್ಲಿ ಮುಗಿಯಬೇಕಾದದ್ದು ಎರಡು ಗಂಟೆ ತೆಗೆದುಕೊಂಡಿತು.

ತಪ್ಪು ಆ ಬದಲಿ ಬೋಧಕರದ್ದಲ್ಲ. ಅವರಿಗೆ ಯಾರೂ ಏನೂ ಹೇಳಿರಲಿಲ್ಲ. ಏರ್ಪಾಡುಗಳ ಹಾಳೆ ನೆರವು ಕಚೇರಿಯ ಗೋಪ್ಯ ಕಡತದಲ್ಲಿ ಭದ್ರವಾಗಿತ್ತು. ಗೋಪ್ಯವಾಗಿರಬೇಕಾದದ್ದು ರೋಗನಿರ್ಣಯ, ‘ಸ್ಥಾನ ಬದಲಿಸಬೇಡಿ’ ಎಂಬ ಸೂಚನೆಯಲ್ಲಿ ಗೋಪ್ಯವೇನಿದೆ? ಆಮೇಲೆ ಹಾಳೆಯನ್ನು ಎರಡು ಮಾಡಿದರು. ಒಂದು ಲ್ಯಾಬಿನದು, ಯಾರ ಹೆಸರೂ ಇಲ್ಲದ್ದು, ಹಾಜರಿ ಪುಸ್ತಕದ ಒಳಬದಿಯಲ್ಲಿ ಅಂಟಿಸಿದ್ದು: ಖಾಯಂ ಸ್ಥಾನ, ಪಾತ್ರಗಳ ಸರದಿ, ಹೊರಹೋಗುವ ನಿಯಮ, ಚೀಟಿಯ ನಮೂನೆ. ಇನ್ನೊಂದು ಆಕೆಯ ಒಪ್ಪಿಗೆಯೊಂದಿಗೆ, ಆಕೆಯೇ ಬರೆದ ಐದು ಸಾಲು. ಅದರಲ್ಲಿ ಆಟಿಸಂ ಎಂಬ ಪದ ಇಲ್ಲ. ಮೊದಲ ಸಾಲು ಹೀಗಿದೆ: ‘ನಾನು ಮಾತಾಡದೆ ನಿಂತರೆ ದಯವಿಟ್ಟು ಪ್ರಶ್ನೆ ಕೇಳಬೇಡಿ, ಹತ್ತು ನಿಮಿಷ ಬಿಡಿ.’

ಫಲಿತಾಂಶ

ಪೂರ್ತಿಯಾದ ಲ್ಯಾಬ್‌ಗಳು ಎಂಟು, ಎರಡು ಸಾಲದಾದವು. 15ನೇ ವಾರ ಅನಾರೋಗ್ಯದಿಂದ ತಪ್ಪಿಸಿಕೊಂಡವರಿಗಾಗಿ ನಡೆದ ಎರಡು ಲ್ಯಾಬ್‌ಗಳಲ್ಲಿ ಆಕೆಯೂ ಸೇರಿಕೊಂಡು 10 ತುಂಬಿಸಿದಳು. ಪರೀಕ್ಷೆ ಪಾಸಾದಳು, ಕೈಕೆಲಸದ ಅಂಕ ತರಗತಿಯ ಮೇಲಿನ ಸಾಲಿನಲ್ಲಿತ್ತು. ಐದನೇ ವಾರದ ‘ಉಲ್ಲಂಘನೆ’ಯ ಟಿಪ್ಪಣಿಯನ್ನು ವಿಭಾಗ ಬರಹದಲ್ಲಿ ಹಿಂತೆಗೆದುಕೊಂಡಿತು. ಇದನ್ನು ಕೇಳಿ ಪಡೆದದ್ದು ಆಕೆಯೇ, ಮತ್ತು ಆಕೆಗೆ ಅಂಕಗಳಿಗಿಂತ ಇದು ಮುಖ್ಯವಾಗಿತ್ತು.

ಎಲ್ಲವೂ ಸರಿಹೋಗಲಿಲ್ಲ. ಬುಧವಾರ ಲ್ಯಾಬ್ ಮುಗಿಸಿದ ಮೇಲೆ ಆ ಸಂಜೆ ಆಕೆ ಏನೂ ಮಾಡಲಾಗುತ್ತಿರಲಿಲ್ಲ, ಗುರುವಾರ ಬೆಳಗಿನ ಗಣಿತ ತರಗತಿಗೆ ಹಲವು ಸಲ ಬರಲಾಗಲಿಲ್ಲ. ಲ್ಯಾಬಿನ ಹಾಜರಿಯನ್ನು ಮಾತ್ರ ನೋಡುತ್ತಿದ್ದವರಿಗೆ ಇದು ಕಾಣಲೇ ಇಲ್ಲ. ಗಣಿತ ವಿಭಾಗದಿಂದ ದೂರು ಬಂದಾಗ ಗೊತ್ತಾಯಿತು. ವೇಳಾಪಟ್ಟಿ ಬದಲಿಸಲಾಗಲಿಲ್ಲ. ಗುರುವಾರದ ಪಾಠದ ಧ್ವನಿಮುದ್ರಣ ಸಿಗುವಂತಾಯಿತು, ಎರಡನೇ ಸೆಮಿಸ್ಟರ್‌ನಲ್ಲಿ ಆಕೆ ನಾಲ್ಕರ ಬದಲು ಮೂರು ವಿಷಯ ತೆಗೆದುಕೊಂಡಳು. ಪದವಿ ಅರ್ಧ ವರ್ಷ ತಡವಾಗುತ್ತದೆ. ಇದು ಆಕೆಯ ಆಯ್ಕೆ ಎಂದು ಕಡತ ಹೇಳುತ್ತದೆ. ಬುಧವಾರದ ಭಾರ ಇನ್ನಷ್ಟು ಇಳಿದಿದ್ದರೆ ಆ ಆಯ್ಕೆ ಬೇಕಾಗುತ್ತಿತ್ತೇ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಬೇರೆಯವರು ಇದರಿಂದ ಏನು ತೆಗೆದುಕೊಳ್ಳಬಹುದು

ಈ ಲ್ಯಾಬಿನ ಪಟ್ಟಿಯನ್ನು ಹಾಗೇ ಎತ್ತಿಕೊಂಡು ಇನ್ನೊಬ್ಬ ಆಟಿಸ್ಟಿಕ್ ವಿದ್ಯಾರ್ಥಿಗೆ ಹಚ್ಚಬಾರದು. ಇನ್ನೊಬ್ಬರಿಗೆ ವಾಸನೆ ಐದಾಗಬಹುದು, ಸದ್ದು ಸೊನ್ನೆಯಾಗಬಹುದು. ಪಕ್ಕದಲ್ಲಿ ನೆನಪಿಸುವ ಜೊತೆಗಾರರೇ ಬೇಕೆನ್ನುವವರೂ ಇದ್ದಾರೆ. ಎತ್ತಿಕೊಳ್ಳಬೇಕಾದದ್ದು ಆ ಒಂದು ಗಂಟೆಯ ನಡಿಗೆ. ಅದಕ್ಕೆ ಹಣ ಬೇಕಿಲ್ಲ. ಅದನ್ನು ಶಾಲೆಯ ಪ್ರಾರ್ಥನಾ ಸಾಲಿಗೆ, ಊಟದ ಹಾಲ್‌ಗೆ, ಪರೀಕ್ಷಾ ಕೊಠಡಿಗೆ, ಆಟದ ಪೀರಿಯಡ್‌ಗೆ ಹಾಗೆಯೇ ಮಾಡಬಹುದು. ಬರೆಯಲು ಬಾರದ ಚಿಕ್ಕ ಮಕ್ಕಳಾದರೆ ಅಂಕಗಳ ಬದಲು ಮೂರು ಬಣ್ಣದ ಬಿಲ್ಲೆಗಳು ಸಾಕು: ಪ್ರತಿ ಜಾಗದಲ್ಲೂ ಮಗುವೇ ಒಂದನ್ನು ಇಡಲಿ.

ನಡಿಗೆಯನ್ನು ಒಂಬತ್ತನೇ ವಾರಕ್ಕೆ ಕಾಯದೆ ಪ್ರವೇಶದ ವಾರದಲ್ಲೇ ಮಾಡಿದ್ದರೆ ಐದನೇ ವಾರದ ಘಟನೆ ನಡೆಯುತ್ತಿರಲಿಲ್ಲ ಎನ್ನುವಂತಿಲ್ಲ, ಏಕೆಂದರೆ ಗುಂಪಿನ ಗದ್ದಲ ಖಾಲಿ ಲ್ಯಾಬಿನಲ್ಲಿ ಕಾಣುವುದಿಲ್ಲ. ಆದ್ದರಿಂದ ಈಗ ವಿಭಾಗದವರು ಎರಡು ಬಾರಿ ಮಾಡುತ್ತಾರೆ, ತರಗತಿ ಶುರುವಾಗುವ ಮೊದಲು ಒಮ್ಮೆ, ಮೂರನೇ ಲ್ಯಾಬ್ ಮುಗಿದ ಮೇಲೆ ಇನ್ನೊಮ್ಮೆ. ನೆರವು ಕಚೇರಿಯ ಪತ್ರದಲ್ಲಿ ಶೇ 25 ಎಂದು ಮೊದಲೇ ಅಚ್ಚಾಗಿದ್ದ ಜಾಗ ಈಗ ಖಾಲಿ ಇದೆ, ನಡಿಗೆಯ ನಂತರ ತುಂಬಲು. ಈ ವಿದ್ಯಾರ್ಥಿನಿ ಎರಡನೇ ಸೆಮಿಸ್ಟರ್‌ನ ಪತ್ರದಲ್ಲಿ ಹೆಚ್ಚುವರಿ ಸಮಯವನ್ನು ಕೇಳಲೇ ಇಲ್ಲ. ಕಿಟಕಿಯ ಪಕ್ಕದ ಅದೇ ಸ್ಥಾನವನ್ನು ಕೇಳಿದ್ದಳು.